ಯಾವುದರ ಮೇಲೆ ಯಾವುದು: ಮಿಶ್ರ ಮಾಧ್ಯಮದಲ್ಲಿ ನಾನು ಕೆಲಸ ಮಾಡುವ ಬಗೆ

ಮಿಶ್ರ ಮಾಧ್ಯಮದ ಚಿತ್ರ ಬಿರುಕು ಬಿಟ್ಟರೂ ಸಿಪ್ಪೆ ಎದ್ದರೂ ಬೂಸ್ಟು ಹಿಡಿದರೂ ಕಾರಣ ಹೆಚ್ಚಾಗಿ ಎರಡು ವಸ್ತು ಕೂಡುವ ಜಾಗದಲ್ಲೇ ಸಿಗುತ್ತದೆ. ಅದಕ್ಕೇ ಪ್ರತಿ ಚಿತ್ರಕ್ಕೂ ಮೊದಲು ಪದರಗಳ ಕ್ರಮ ಬರೆದುಕೊಳ್ಳುತ್ತೇನೆ: ಹಲಗೆ, ಗೆಸ್ಸೊ (ಬಣ್ಣ ಹಿಡಿಯಲೆಂದು ಬಳಿಯುವ ಬಿಳಿ ಅಸ್ತರ), ಮಣ್ಣು, ಕಾಗದ, ಅಕ್ರಿಲಿಕ್, ಇದ್ದಿಲು, ಕೊನೆಗೆ ಬೇಕಿದ್ದರೆ ಎಣ್ಣೆಬಣ್ಣ. ನನ್ನ ಚಿತ್ರಗಳ ವಿಷಯ ಬೆಂಗಳೂರಿನ ಪೇಟೆ ಗೋಡೆಗಳು. ಚಿಕ್ಕಪೇಟೆ, ಬಳೇಪೇಟೆ, ಅವೆನ್ಯೂ ರಸ್ತೆಯಲ್ಲಿ ಸುಣ್ಣದ ಮೇಲೆ ಡಿಸ್ಟೆಂಪರ್, ಅದರ ಮೇಲೆ ಪೋಸ್ಟರ್, ಪೋಸ್ಟರಿನ ಮೇಲೆ ಇನ್ನೊಂದು ಪೋಸ್ಟರ್. ಆ ಮೇಲ್ಮೈ ಬೇಕೆಂದರೆ ಅದನ್ನು ಬರೆದು ತೋರಿಸುವುದಕ್ಕಿಂತ ಪದರ ಕಟ್ಟಿ, ಮತ್ತೆ ಕೆರೆದು ತೆಗೆಯುವುದು ಸುಲಭ.

ಮಣ್ಣು, ಕಾಗದ, ಉಜ್ಜಾಟ ಇಷ್ಟನ್ನೂ ಕ್ಯಾನ್ವಾಸ್ ತಡೆಯುವುದಿಲ್ಲ. ಒತ್ತಿದರೆ ಬಗ್ಗುತ್ತದೆ, ಬಗ್ಗಿದಲ್ಲಿ ಮಣ್ಣಿನ ಪದರ ಬಿರಿಯುತ್ತದೆ. ಆದ್ದರಿಂದ 12 ಮಿ.ಮೀ. ಪ್ಲೈವುಡ್, ಐಎಸ್ 710 ಗುರುತಿರುವ, ನೀರು ತಡೆಯುವ ಮರೈನ್ ದರ್ಜೆಯದು. 8 ಅಡಿ × 4 ಅಡಿಯ ಒಂದು ಹಾಳೆಯಲ್ಲಿ 2 ಅಡಿ ಚೌಕದ ಎಂಟು ತುಂಡು ಬರುತ್ತವೆ, ಚೂರೂ ವ್ಯರ್ಥವಿಲ್ಲ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಗ್ಗ, ನುಣುಪೂ ಹೌದು, ಆದರೆ ಅಂಚಿಗೆ ನೀರು ತಗುಲಿದರೆ ಊದಿಕೊಂಡು ಮತ್ತೆ ಇಳಿಯುವುದಿಲ್ಲ. ಹಲಗೆಯ ಮುಂದೆ, ಹಿಂದೆ, ನಾಲ್ಕೂ ಅಂಚಿಗೆ ಅಕ್ರಿಲಿಕ್ ಗ್ಲಾಸಿ ಮೀಡಿಯಂನ (ಹೊಳಪು ಕೊಡುವ, ಬಣ್ಣವಿಲ್ಲದ ಅಕ್ರಿಲಿಕ್ ದ್ರವ) ಎರಡು ಕೋಟು ಬಳಿಯುತ್ತೇನೆ. ಹಿಂಬದಿ ಬಿಟ್ಟರೆ ಮಳೆಗಾಲದಲ್ಲಿ ಅದೊಂದೇ ಕಡೆ ತೇವ ಹೀರಿ ಹಲಗೆ ಸೊಟ್ಟಗಾಗುತ್ತದೆ. ಮುಂಬದಿ ಬಿಟ್ಟರೆ ಮರದಲ್ಲಿರುವ ಕಂದು ಸತ್ವ ನೀರಿನ ಜೊತೆ ಮೇಲೆದ್ದು ಗೆಸ್ಸೊಗೆ ಹಳದಿ ಕಲೆ ಕೊಡುತ್ತದೆ.

ಗೆಸ್ಸೊ ಮೂರು ಕೋಟು. ಮೊದಲನೆಯದಕ್ಕೆ 100 ಮಿ.ಲೀ.ಗೆ 20 ಮಿ.ಲೀ. ನೀರು, ಉಳಿದವಕ್ಕೆ ನೀರಿಲ್ಲ. ಒಂದೊಂದು ಕೋಟನ್ನು ಹಿಂದಿನದಕ್ಕೆ ಅಡ್ಡಲಾಗಿ ಎಳೆದು, ನಡುವೆ 220ರ ಉಪ್ಪುಕಾಗದದಿಂದ ಹಗುರವಾಗಿ ಉಜ್ಜುತ್ತೇನೆ. ಕನ್ನಡಿಯಂತೆ ನುಣ್ಣಗೆ ಮಾಡುವುದಿಲ್ಲ, ಮೇಲಿನ ಪದರಕ್ಕೆ ಹಿಡಿತ ಬೇಕು.

ಕೆಮ್ಮಣ್ಣು ಈ ಊರಿನಲ್ಲಿ ಪುಕ್ಕಟೆ. ಯಾವ ಪಾಯ ತೋಡಿದರೂ ಸಿಗುತ್ತದೆ. ಮೇಲಿನ ಎರಡು ಮೂರು ಅಡಿಯದು ಬೇಡ, ಅದರಲ್ಲಿ ಬೇರು, ಕೊಳೆತ ಎಲೆ ಇರುತ್ತವೆ. ಒಂದು ಕಿಲೋ ಮಣ್ಣನ್ನು ಐದು ಲೀಟರ್ ನೀರಿನಲ್ಲಿ ಕಲಕಿ ಎರಡು ನಿಮಿಷ ಬಿಟ್ಟರೆ ಮರಳು ಕೆಳಗೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಹಳೇ ಪಂಚೆಯಲ್ಲಿ ಸೋಸಿ ಇನ್ನೊಂದು ಬಕೆಟ್ಟಿಗೆ ಸುರಿದು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತಿಳಿನೀರು ಚೆಲ್ಲಬೇಕು. ಹೊಸ ನೀರು ಹಾಕಿ ಇದನ್ನೇ ಮತ್ತೆರಡು ಬಾರಿ. ಹಾಗೆ ತೊಳೆಯದಿದ್ದರೆ ಮಣ್ಣಿನ ಉಪ್ಪು ಮುಂದೆ ಬಿಳಿ ಹುಡಿಯಾಗಿ ಮೇಲೇಳುತ್ತದೆ. ತಟ್ಟೆಯಲ್ಲಿ ಒಣಗಿಸಿ, ಅರೆದು, ಜರಡಿ ಹಿಡಿದರೆ ಬಣ್ಣ ಸಿದ್ಧ. ಈ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸುವುದಿಲ್ಲ. ಒಂದು ಅಳತೆ ಮಣ್ಣಿಗೆ ಒಂದೂವರೆ ಅಳತೆ ಅಕ್ರಿಲಿಕ್ ಮ್ಯಾಟ್ (ಹೊಳಪಿಲ್ಲದ) ಮೀಡಿಯಂ ಹಾಕುತ್ತೇನೆ. ಒಣಗಿದ ಮೇಲೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಟ್ಟೆ ಕೆಂಪಾದರೆ ಅಂಟು ಸಾಲದು. ಪದರ ಒಂದು ಮಿ.ಮೀ. ದಾಟಬಾರದು: ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗುತ್ತ ಕುಗ್ಗುತ್ತದೆ, ದಪ್ಪಗಿದ್ದರೆ ಕೆರೆಯ ತಳದಂತೆ ಒಡೆಯುತ್ತದೆ. ದಪ್ಪ ಬೇಕಾದ ಕಡೆ ಕೆಳಗೆ ಮಾರ್ಬಲ್ ಪುಡಿ ಕಲಸಿದ ಮೀಡಿಯಂ ಹಚ್ಚಿ, ಮೇಲೆ ಮಾತ್ರ ಮಣ್ಣು ಬಳಿಯುತ್ತೇನೆ.

ಕೆಲಸದಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು ಕಾಗದ. ಗೋಡೆಯಿಂದ ಕಿತ್ತು ಬರುವ ಪೋಸ್ಟರು ಒಂದು ಹಾಳೆಯಲ್ಲ, ಐದಾರು ಹಾಳೆ ಅಂಟಿಕೊಂಡ ಗಟ್ಟಿ ರಟ್ಟು. ಅಂಟಿಸಿದ್ದು ಮೈದಾ ಅಂಟಿನಿಂದ, ಹುಳ ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುವುದೂ ಉಂಟು. ಹಾಗೇ ಚಿತ್ರದಲ್ಲಿ ಕೂರಿಸಿದರೆ ಎರಡು ತೊಂದರೆ. ಮೈದಾ ಮಳೆಗಾಲದಲ್ಲಿ ಬೂಸ್ಟಿಗೂ ಜಿರಳೆಗೂ ಊಟವಾಗುತ್ತದೆ, ಮೈಲುತುತ್ತದ ತಾಮ್ರ ಕಾಗದದ ನಾರನ್ನು ಬೇಗ ಪೆಡಸು ಮಾಡುತ್ತದೆ. ಆದ್ದರಿಂದ ಅಗಲ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಿ, ಪದರಗಳು ತಾವಾಗಿ ಬಿಡುವವರೆಗೆ ನೆನೆಸಿ, ಲೋಳೆ ಹೋಗುವಷ್ಟು ಎರಡು ಮೂರು ನೀರಿನಲ್ಲಿ ಜಾಲಿಸಿ, ಬಟ್ಟೆಯ ಮೇಲೆ ಹರಡಿ ಒಣಗಿಸುತ್ತೇನೆ. ಅಷ್ಟಾದರೂ ಪೋಸ್ಟರ್ ಕಾಗದ ಅಗ್ಗದ ತಿರುಳಿನದು, ಹಳದಿಯಾಗುವುದು ಖಂಡಿತ. ಹಳದಿಯಾದರೂ ನಡೆಯುವ ಕಡೆ ಮಾತ್ರ ಅದು. ಅಕ್ಷರವೋ ಮುಖವೋ ಬೆಳ್ಳಗೇ ಉಳಿಯಬೇಕಿದ್ದರೆ ಆಮ್ಲರಹಿತ ಕಾಗದದ ಮೇಲೆ ಜೆರಾಕ್ಸ್ ಮಾಡಿಸುತ್ತೇನೆ.

ಅಂಟಿಸುವಾಗ ಸುಕ್ಕು ಬರುವುದಕ್ಕೆ ಕಾರಣ ಒಂದೇ, ಒಣ ಕಾಗದ ಹಲಗೆಯ ಮೇಲೆ ಕೂತ ನಂತರ ಹಿಗ್ಗುವುದು. ಮೊದಲೇ ನೀರು ಚಿಮುಕಿಸಿ ಎರಡು ನಿಮಿಷ ಬಿಟ್ಟರೆ ಹಿಗ್ಗುವಷ್ಟು ಹಿಗ್ಗಿರುತ್ತದೆ. ಆಮೇಲೆ ಹಲಗೆಗೂ ಕಾಗದದ ಹಿಂಬದಿಗೂ ತೆಳ್ಳಗೆ ಮ್ಯಾಟ್ ಮೀಡಿಯಂ ಹಚ್ಚಿ, ನಡುವಿನಿಂದ ಅಂಚಿನ ಕಡೆಗೆ ರಬ್ಬರ್ ರೋಲರ್ ಉರುಳಿಸುತ್ತೇನೆ. ಗುಳ್ಳೆ ಉಳಿದರೆ ಹಸಿಯಲ್ಲಿ ಕೆದಕುವುದಿಲ್ಲ. ಮರುದಿನ ಸಿರಿಂಜಿನಿಂದ ಚುಚ್ಚಿ ಮೀಡಿಯಂ ತುಂಬಿ ಒತ್ತುತ್ತೇನೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಲ್ಲಿನ ಗಾಳಿ ಒಣಗಿರುತ್ತದೆ, ರೋಲರ್ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಮೀಡಿಯಂ ಹಿಡಿದುಬಿಡುತ್ತದೆ. ಆಗ ಒಂದು ಬಾರಿಗೆ ಅಂಗೈ ಅಗಲದ ತುಂಡು ಸಾಕು. ಫೆವಿಕಾಲ್ ಯಾಕಲ್ಲ ಎಂದು ಹಲವರು ಕೇಳುತ್ತಾರೆ. ಬಡಗಿ ಕೆಲಸಕ್ಕೆ ಅದು ಸರಿ. ಇಲ್ಲಿ ಮುಂದೆ ನೀರು ಹಾಕಿ ಉಜ್ಜುವುದಿದೆ, ಬಿಳಿ ಅಂಟು ನೀರಿಗೂ ಉಜ್ಜಿದ ಬಿಸಿಗೂ ಮೆತ್ತಗಾಗುತ್ತದೆ.

ಜೆರಾಕ್ಸ್ ಮಾಡಿಸಿದ್ದನ್ನು ನೇರವಾಗಿ ಅಂಟಿಸದೆ ಮಸಿಯನ್ನಷ್ಟೇ ಇಳಿಸುವುದೂ ಉಂಟು. ಜೆರಾಕ್ಸಿನ ಮಸಿ, ಅಂದರೆ ಟೋನರ್, ಪ್ಲಾಸ್ಟಿಕ್ ಪುಡಿ, ನೀರಿಗೆ ಕರಗದು. ಇಂಕ್‌ಜೆಟ್ ಪ್ರಿಂಟಾದರೆ ಹರಡಿ ಹೋಗುತ್ತದೆ. ಅಕ್ಷರಗಳಿದ್ದರೆ ಕನ್ನಡಿ ಬಿಂಬದಂತೆ ತಿರುಗಿಸಿ ತೆಗೆಸಬೇಕು. ಅಕ್ರಿಲಿಕ್ ಜೆಲ್ (ಗಟ್ಟಿಯಾದ ಮೀಡಿಯಂ) ಹಚ್ಚಿ, ಮಗುಚಿ ಅಂಟಿಸಿ, ಒಂದು ದಿನ ಬಿಟ್ಟು, ಒದ್ದೆ ಸ್ಪಂಜಿನಿಂದ ನೆನೆಸಿ ಬೆರಳಿನಿಂದ ಕಾಗದ ತಿಕ್ಕಿ ತೆಗೆಯುತ್ತೇನೆ. ಒಣಗಿದಾಗ ಬಿಳಿ ನಾರು ಕಂಡರೆ ಮತ್ತೊಮ್ಮೆ. ಕೊನೆಗುಳಿದ ಮಂಜು ಗ್ಲಾಸಿ ಮೀಡಿಯಂನ ಒಂದು ಕೋಟು ಬಳಿದರೆ ಮಾಯವಾಗುತ್ತದೆ.

ಕಾಗದದ ಮೇಲೆ ಬಳಿದ ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ, ಕೆಳಗಿನ ಪದರ ಕಾಣುವಂತೆ ಉಜ್ಜುವಾಗಲೇ ಚಿತ್ರ ಆಗುವುದು. 220ರಿಂದ ಶುರು, 400ಕ್ಕೆ ಮುಗಿಸುವುದು, ಎರಡೂ ನೀರಿಗೆ ಬಳಸುವ ಉಪ್ಪುಕಾಗದ. ಒಣದಾಗಿ ಉಜ್ಜಿದರೆ ಅಕ್ರಿಲಿಕ್ ಬಿಸಿಯಾಗಿ ಉಪ್ಪುಕಾಗದಕ್ಕೆ ಮೆತ್ತಿಕೊಳ್ಳುತ್ತದೆ, ಕ್ಯಾಡ್ಮಿಯಂ ಬಣ್ಣಗಳ ಧೂಳು ಶ್ವಾಸಕ್ಕೆ ಹೋಗುತ್ತದೆ. ಎಲ್ಲ ಕಡೆ ಒಂದೇ ಸಮ ಉಜ್ಜಿದರೆ ಗೋಡೆ ಹೋಗಿ ಬರೀ ಹಳೆಯದಾದ ಹಲಗೆ ಕಾಣುತ್ತದೆ. ಹಾಗಾಗಿ ಮೂರನೇ ಎರಡು ಭಾಗ ಮುಟ್ಟುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದಾದಾಗ ಫೋನಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡುತ್ತೇನೆ. ಬಣ್ಣದ ಮೋಡಿ ಹೋದರೆ ಬೆಳಕು ನೆರಳಿನ ಹಂಚಿಕೆ ಬಯಲಾಗುತ್ತದೆ.

ಇದ್ದಿಲ ಗೆರೆ ಈ ಹಂತದಲ್ಲಿ. ಅದನ್ನು ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ ಫಿಕ್ಸೆಟಿವ್‌ನಿಂದ ಒಂದಡಿ ದೂರದಿಂದ ಎರಡು ತೆಳು ಸುತ್ತಿನಲ್ಲಿ ನಿಲ್ಲಿಸಬೇಕು, ಕುಂಚ ಆಡಿಸಿದರೆ ಬಳಿದುಹೋಗುತ್ತದೆ. ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ನಿಲ್ಲುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ಸಿಪ್ಪೆಯೇಳುತ್ತದೆ. ಆಯಿಲ್ ಪೇಸ್ಟೆಲ್ ಎಂದೂ ಪೂರ್ತಿ ಒಣಗುವುದೇ ಇಲ್ಲ, ಬಳಸಿದರೆ ಕಟ್ಟಕಡೆಗೆ, ಗಾಜಿನ ಹಿಂದೆ. ಅರಿಶಿನ, ಅರಿಶಿನದಿಂದ ಮಾಡಿದ ಕುಂಕುಮ, ಬಣ್ಣದ ರಂಗೋಲಿ ಪುಡಿ ಇವುಗಳ ಆಸೆ ನಮ್ಮೆಲ್ಲರಿಗೂ ಇದ್ದದ್ದೇ. ಮೀಡಿಯಂನಲ್ಲಿ ಕಲಸಿ ಒಂದು ಪಟ್ಟಿ ಬಳಿದು, ಅರ್ಧ ಮುಚ್ಚಿ ಪಶ್ಚಿಮದ ಕಿಟಕಿಗೆ ಅಂಟಿಸಿ ನೋಡಿ. ಅರಿಶಿನದ ಹಳದಿ ಬಲು ಬೇಗ ಹೋಗುತ್ತದೆ.

ವಾರ್ನಿಷ್ ವಿಷಯ ಬಂದಾಗ ಕೆಲಸವೂ ಮಾರಾಟವೂ ಕೂಡಿಕೊಳ್ಳುತ್ತವೆ. ಬರೀ ಅಕ್ರಿಲಿಕ್ ಆದರೆ ಎರಡು ವಾರ ಬಿಟ್ಟು, ಎರಡು ಪಾಲು ಗ್ಲಾಸಿ ಜೆಲ್‌ಗೆ ಒಂದು ಪಾಲು ನೀರಿನ ರಕ್ಷಣಾ ಕೋಟು, ಅದರ ಮೇಲೆ ತೆಗೆಯಬಹುದಾದ ವಾರ್ನಿಷ್. ಎಣ್ಣೆಬಣ್ಣ ಇದ್ದರೆ ಆ ರಕ್ಷಣಾ ಕೋಟು ಇಲ್ಲ, ಆರು ತಿಂಗಳಾದರೂ ಕಾದು ನೇರ ವಾರ್ನಿಷ್. ಅಂದರೆ ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಒಯ್ಯುವ ಎಣ್ಣೆ ಕೆಲಸ ಜೂನಿಗೇ ಮುಗಿದಿರಬೇಕು. ಮಳೆ ಹಿಡಿದ ದಿನ ವಾರ್ನಿಷ್ ಬೇಡ, ಮಬ್ಬಾಗುತ್ತದೆ. ಸಂತೆ ಒಂದೇ ದಿನ, ಬಯಲಲ್ಲಿ, ಬಿಸಿಲು ಧೂಳಿನ ನಡುವೆ. ಅಲ್ಲಿಗೆ 8×10, 12×12 ಇಂಚಿನ ವಾರ್ನಿಷ್ ಆದ ತುಂಡುಗಳು ಸರಿ, ಗಾಜು ಬೇಡುವ ಕೆಲಸ ಮನೆಯಲ್ಲೇ ಇರಲಿ. ಸಾಗಿಸುವಾಗ ಮೈಗೆ ತಾಗುವಂತೆ ಬಟರ್ ಪೇಪರ್, ಅದರ ಹೊರಗೆ ಬಬಲ್ ರ‍್ಯಾಪ್, ಗುಳ್ಳೆ ಹೊರಮುಖ. ಇಲ್ಲದಿದ್ದರೆ ಕಾರಿನ ಬಿಸಿ ಡಿಕ್ಕಿಯಲ್ಲಿ ಅಕ್ರಿಲಿಕ್ ಮೆತ್ತಗಾಗಿ ಗುಳ್ಳೆಯ ಅಚ್ಚು ಒತ್ತಿಕೊಳ್ಳುತ್ತದೆ.

ಬೆಲೆ ಚದರ ಇಂಚಿನ ಲೆಕ್ಕ. ಇಂಚಿಗೆ 30 ರೂಪಾಯಿ ಎಂದಿಟ್ಟುಕೊಂಡರೆ 24×24ಕ್ಕೆ 17,280, ಫ್ರೇಮು ಬೇರೆ. ಗ್ಯಾಲರಿ ಮೂರನೇ ಒಂದರಿಂದ ಅರ್ಧದವರೆಗೆ ಕಮಿಷನ್ ಕೇಳಿದರೂ ಬೆಲೆ ಎಲ್ಲ ಕಡೆ ಒಂದೇ. ಮನೆಗೆ ಬಂದವರಿಗೆ ಕಡಿಮೆಗೆ ಕೊಟ್ಟರೆ ಮುಂದೆ ಯಾವ ಗ್ಯಾಲರಿಯೂ ಕರೆಯುವುದಿಲ್ಲ. ಐಟಿ ಕಚೇರಿಗಳ ಒಳಾಂಗಣ ವಿನ್ಯಾಸಕರು ಸೋಫಾ ಬಣ್ಣದ ತುಂಡು ಹಿಡಿದುಕೊಂಡೇ ಬರುತ್ತಾರೆ. ನಾನು ಒಪ್ಪಿಕೊಳ್ಳುತ್ತೇನೆ, ಆದರೆ ಅರ್ಧ ಹಣ ಮುಂಗಡ, ನಕ್ಷೆಯ ಹಂತದಲ್ಲಿ ಒಂದೇ ಬದಲಾವಣೆ. ಕಾಗದ ಅಂಟಿಸಿದ ಮೇಲೆ ಬದಲಾವಣೆ ಇಲ್ಲ. ಹಕ್ಕುಸ್ವಾಮ್ಯ ಯಾರದೆಂದು ಬಿಲ್ಲಿನಲ್ಲೇ ಬರೆಯುತ್ತೇನೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 53ಎ ಕಲಂ ಪ್ರಕಾರ, ಮೊದಲ ಹಕ್ಕುದಾರ ಕಲಾವಿದನೇ ಆಗಿದ್ದರೆ, ಚಿತ್ರ ಮುಂದೆ 10,000 ರೂಪಾಯಿಗೂ ಹೆಚ್ಚಿಗೆ ಮರುಮಾರಾಟವಾದಾಗ ಅವನಿಗೆ ಪಾಲು ಕೇಳುವ ಹಕ್ಕಿದೆ. ಹಲಗೆಯ ಹಿಂದೆ ಹೆಸರು, ವರ್ಷದ ಜೊತೆಗೆ ಪದರಗಳ ಕ್ರಮ, ಯಾವ ಮೀಡಿಯಂ, ಯಾವ ವಾರ್ನಿಷ್, ಅದನ್ನು ಯಾವುದರಿಂದ ತೆಗೆಯಬೇಕು ಎಂಬುದನ್ನೂ ಪೆನ್ಸಿಲ್ಲಿನಲ್ಲಿ ಬರೆದು ಅಂಟಿಸುತ್ತೇನೆ. ಮುಂದೆ ಯಾರಾದರೂ ದುರಸ್ತಿಗೆ ಕೂತರೆ ಅವರಿಗೆ ಮೊದಲು ಬೇಕಾಗುವುದು ಆ ಚೀಟಿ.