ಕಥೆ ಕದ್ದ ಚಾನೆಲ್‌ನಿಂದಲೇ ದುಡ್ಡು ಬಂತು

'ಕಾಪಿರೈಟ್ ಎಲ್ಲಾ ಸಿನಿಮಾದವರಿಗೆ, ನಮಗ್ಯಾಕೆ' ಅಂತ ನಗುತ್ತಿದ್ದ ಗೆಳೆಯ-ಗೆಳತಿಯರೇ ಈಗ ಫೋನ್ ಮಾಡಿ, ನಾನು ಆನ್‌ಲೈನಲ್ಲಿ ಬರೆದ ಕಥೆ ಕದ್ದವರಿಂದಲೇ ದುಡ್ಡು ಹೇಗೆ ತೆಗೆಸಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ನನಗೆ ಕಾಟ ಕೊಟ್ಟವರು ಯೂಟ್ಯೂಬ್‌ನಲ್ಲಿ ಕಥೆ ಓದುವವರು. ಹಿಂದೆ ಕೊಳಲು, ಮುಂದೆ ಮಳೆಯ ಚಿತ್ರ, ಒಳಗೆ ನನ್ನ ಕಥೆ. ಸುಮಾ ಹೋಗಿ ಸೀಮಾ ಆಗಿದ್ದಳು, ಅಷ್ಟೇ. ಕೇಳಿದ್ದಕ್ಕೆ 'ವಾಟ್ಸಾಪಲ್ಲಿ ಬಂದಿತ್ತು ಮೇಡಂ' ಅಂದು ನನ್ನನ್ನೇ ಬ್ಲಾಕ್ ಮಾಡಿದರು.

ಮೊದಲಿನ ಉಪಾಯಗಳೆಲ್ಲ ಕೈಕೊಟ್ಟವು. ಅಕ್ಷರ ಕಾಪಿ ಮಾಡಲಾಗದಿರಲಿ ಅಂತ ಕಥೆಯನ್ನು ಚಿತ್ರ ಮಾಡಿ ಹಾಕಿದೆ. ಚಿತ್ರದೊಳಗಿನ ಅಕ್ಷರ ಓದುವ ಗೂಗಲ್ ಲೆನ್ಸ್ ಹಿಡಿದರೆ ಒತ್ತಕ್ಷರ ಸಮೇತ ಎದ್ದು ಬರುತ್ತದೆ! ಓದುಗರು ಮಾತ್ರ ಅರ್ಧಕ್ಕರ್ಧ ಕಮ್ಮಿಯಾದರು. ಕಥೆ ನನ್ನದೇ ಅನ್ನುವುದಕ್ಕೆ ಸಾಕ್ಷಿಯಾಗಲಿ ಅಂತ ನನಗೆ ನಾನೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡ ಕವರನ್ನು ವಕೀಲರು ತಿರುಗಿಸಿಯೂ ನೋಡಲಿಲ್ಲ. ಅವರ ನೋಟಿಸಿಗೆ ನಾಲ್ಕು ಸಾವಿರದ ಹತ್ತಿರ ಹೋಯಿತು. ವಿಳಾಸ ಸಿಗದೆ ವಾಪಸ್ ಬಂತು.

ಕಾಪಿರೈಟ್ ರಿಜಿಸ್ಟ್ರೇಷನ್ ಕಡ್ಡಾಯವಲ್ಲ. ಆದರೂ ಮಾಡಿಸಿದೆ. ಕೃತಿಗೆ 500 ರೂಪಾಯಿ. ಬಿಡಿಬಿಡಿಯಾಗಿ ಕಟ್ಟಿದರೆ ದಿವಾಳಿ, ಹಾಗಾಗಿ ಇಪ್ಪತ್ತು ಚಿಲ್ಲರೆ ಕಥೆ ಸೇರಿಸಿ ಒಂದೇ ಸಂಕಲನ ಅಂತ ಹಾಕಿದೆ. ಬೇರೆಯವರ ಆಕ್ಷೇಪಣೆಗೆ 30 ದಿನ ಕಾಯಲೇಬೇಕು. ಸರ್ಟಿಫಿಕೇಟ್ ಕೈಗೆ ಬರುವಷ್ಟರಲ್ಲಿ ವರ್ಷವೇ ಆಗಿತ್ತು.

ಕೆಲಸ ಮಾಡಿದ್ದು ಒಂದು ಪಟ್ಟಿ. ಎಡಗಡೆ ಅವರ ವಿಡಿಯೋದ ನಿಮಿಷ-ಸೆಕೆಂಡು, ಬಲಗಡೆ ನನ್ನ ವಾಕ್ಯ, ಪಕ್ಕದಲ್ಲಿ ನಾನು ಹಾಕಿದ ತಾರೀಕು. ಪ್ರತಿ ಕಥೆಯಲ್ಲೂ ಗುರುತಿಗೆ ಅಂತ ನಾನೇ ಕಟ್ಟಿದ ಗಾದೆಯೊಂದನ್ನು ತೂರಿಸಿರುತ್ತೇನೆ. ಒಂದು ಚಾನೆಲ್‌ನ ಪುಣ್ಯಾತ್ಮ 'ಹಲಸಿನ ಹಣ್ಣಿಗೆ ಛತ್ರಿ ಹಿಡಿದ ಹಾಗೆ' ಅನ್ನುವುದನ್ನೂ ರಾಗವಾಗಿ ಓದಿದ್ದ. ಇನ್ನೊಂದು ಗುರುತೂ ಇದೆ, ಅದನ್ನು ಹೇಳಲ್ಲ. ಆಡಿಯೋ ಕಳ್ಳತನ ಹೇಗೆ ಹುಡುಕುತ್ತೇನೆ ಅನ್ನುವುದನ್ನೂ ಹೇಳಲ್ಲ. ಇದನ್ನು ಅವರೂ ಓದ್ತಾರೆ, ಅಲ್ವಾ?

ಯೂಟ್ಯೂಬಿನ ಕಾಪಿರೈಟ್ ಫಾರ್ಮಿಗೆ ದುಡ್ಡಿಲ್ಲ. ಅದರಲ್ಲಿ 7 ದಿನದ ಗಡುವು ಕೊಡುವ ಆಯ್ಕೆಯಿದೆ. ಅಷ್ಟರೊಳಗೆ ಅವರೇ ತೆಗೆದರೆ ಸ್ಟ್ರೈಕ್, ಅಂದರೆ ಚಾನೆಲ್ ಮೇಲೆ ಬೀಳುವ ಎಚ್ಚರಿಕೆ, ಇಲ್ಲ. 90 ದಿನದಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು, ಅವನ ಹತ್ತಿರ ನನ್ನವೇ ಏಳೆಂಟು ಕಥೆ. ಗಡುವು ಕೊಟ್ಟ ಮೂರನೇ ದಿನವೋ ನಾಲ್ಕನೇ ದಿನವೋ ಅವನದೇ ಫೋನ್ ಬಂತು. 'ವಿಡಿಯೋ ತೆಗೆದದ್ದು ತಪ್ಪು' ಅಂತ ಅವನು ಯೂಟ್ಯೂಬಿಗೆ ಪ್ರತಿವಾದ ಹಾಕಿದ್ದರೆ 10 ಕೆಲಸದ ದಿನದೊಳಗೆ ನಾನು ಕೋರ್ಟಿಗೆ ಹೋದ ದಾಖಲೆ ತೋರಿಸಬೇಕಿತ್ತು. ಭಯವಿತ್ತು. ಆದರೆ ಕಾಪಿರೈಟ್ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ನಮ್ಮೂರಿನ ಜಿಲ್ಲಾ ಕೋರ್ಟಲ್ಲೇ ದಾವೆ ಹೂಡುತ್ತೇನೆ ಅಂದಾಗ ಅವನ ಧ್ವನಿ ಮೆತ್ತಗಾಯಿತು.

ಎರಡು ತೆಗೆಸಿದೆ. ಉಳಿದವಕ್ಕೆ ಅವನು ತಲಾ 1,500 ರೂಪಾಯಿ ಕೊಟ್ಟ, ಜೊತೆಗೆ ನನ್ನ ಹೆಸರು ಹಾಕಿದ.

ಇನ್ನೊಂದು ಸಣ್ಣ ವೆಬ್‌ಸೈಟಿಗೆ ನಮ್ಮ ಕಾಪಿರೈಟ್ ನಿಯಮಾವಳಿಯ 75ನೇ ನಿಯಮದಡಿ ಬರೆದು ನೋಡಿದೆ. ದೂರು ತಲುಪಿದ 36 ಗಂಟೆಯೊಳಗೆ ತೆಗೆಯಬೇಕು. 21 ದಿನದೊಳಗೆ ನಾನು ಕೋರ್ಟ್ ಆದೇಶ ತರದಿದ್ದರೆ ಅವರು ಮತ್ತೆ ಹಾಕಬಹುದು. ಅವರು ತೆಗೆದರು, ಮತ್ತೆ ಹಾಕುವ ಗೋಜಿಗೆ ಹೋಗಲಿಲ್ಲ. ವಾಟ್ಸಾಪ್ ಫಾರ್ವರ್ಡ್‌ಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಈಗ ಇನ್ನೆರಡು ಚಾನೆಲ್‌ನವರು ಮೊದಲೇ ಕೇಳಿಕೊಂಡು ಬರುತ್ತಾರೆ. ರೇಟು 2,000ಕ್ಕೆ ಏರಿಸಿದ್ದೇನೆ. ವಕೀಲರಿಗೆ ಕೊಟ್ಟದ್ದು ಯಾವತ್ತೋ ವಾಪಸ್ ಬಂತು.