ಉಣ್ಣೆ ಬಟ್ಟೆ ಎತ್ತಿಡುವ ಮುಂಚೆ: ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಇಲ್ಲಿಯ ಮೊದಲ ಚಳಿಗಾಲ ಕಳೆದಿರಿ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಅಲ್ಲಿಂದ ಸ್ವಲ್ಪ ದಿನಕ್ಕೆ ಕೋಟು, ಸ್ವೆಟರು, ಶಾಲು ಎಲ್ಲ ಎತ್ತಿಡುವ ಹೊತ್ತು. ದಯವಿಟ್ಟು ಅವನ್ನು ಹಾಗೇ ಸೂಟ್‌ಕೇಸಿಗೆ ತುಂಬಿ ಮಂಚದ ಕೆಳಗೆ ತಳ್ಳಬೇಡಿ. ನಾನು ಬಂದ ವರ್ಷ ಮಾಡಿದ್ದು ಅದನ್ನೇ.

ಹೊರಡುವಾಗ ಅಮ್ಮ ಒಂದು ಮರೂನ್ ಬಣ್ಣದ ಉಣ್ಣೆ ಶಾಲು ಕೊಟ್ಟಿದ್ದರು. ಏಪ್ರಿಲ್‌ನಲ್ಲಿ ಮಡಚಿಟ್ಟೆ, ಅಕ್ಟೋಬರ್‌ನಲ್ಲಿ ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದರೆ ಜರಡಿ ಕಂಡ ಹಾಗಿತ್ತು. ಮಡಿಕೆಯೊಳಗೆ ಅಕ್ಕಿಕಾಳಿನಷ್ಟು ಉದ್ದದ ಬಿಳಿ ಹುಳ, ಅದರ ಸುತ್ತ ಜೇಡರ ಬಲೆಯಂಥ ತೆಳು ನೂಲಿನ ಕೊಳವೆ. ಪಕ್ಕದಲ್ಲಿ ಸಣ್ಣ ರವೆಯಂಥ ಪುಡಿ. ಬೆರಳಲ್ಲಿ ತೆಗೆದು ನೋಡಿದೆ, ಅದೂ ಮರೂನ್ ಬಣ್ಣವೇ. ಹುಳದ ಹಿಕ್ಕೆ ಅದು. ಯಾವ ಬಣ್ಣದ ಬಟ್ಟೆ ತಿಂದಿರುತ್ತದೋ ಹಿಕ್ಕೆಗೂ ಅದೇ ಬಣ್ಣ. ಆ ಶಾಲಿಗೆ ಅವತ್ತು ತುಂಬ ಅತ್ತೆ. ನಿಮಗೆ ಹಾಗಾಗಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ.

ಊರಿನಲ್ಲಿ ನಮಗೆ ನುಸಿ ಅಂದರೆ ಅಕ್ಕಿ, ರವೆ ಡಬ್ಬದ ನುಸಿ. ಉಣ್ಣೆ ಅಂತ ಮನೆಯಲ್ಲಿ ಇರುತ್ತಿದ್ದದ್ದೇ ಒಂದೆರಡು ಸ್ವೆಟರು. ಇಲ್ಲಿ ಹಾಗಲ್ಲ. ಮೈಮೇಲೆ ಉಣ್ಣೆ, ಎಷ್ಟೋ ಮನೆಗಳಲ್ಲಿ ಕಾಲ ಕೆಳಗಿನ ಕಾರ್ಪೆಟ್ಟೂ ಉಣ್ಣೆ. ಅದನ್ನು ತಿನ್ನುವ ಪತಂಗ ತೀರಾ ಚಿಕ್ಕದು. ಆರೇಳು ಮಿಲಿಮೀಟರ್ ಉದ್ದ, ಒಣ ಹುಲ್ಲಿನ ಬಣ್ಣ, ಮೈಮೇಲೆ ಸ್ವಲ್ಪ ಹೊಳಪು. ದೀಪದ ಸುತ್ತ ಹಾರುವ ಪತಂಗ ಇದಲ್ಲ, ಅದಕ್ಕೆ ಹೆದರಬೇಡಿ. ಬಟ್ಟೆಯ ಪತಂಗಕ್ಕೆ ಬೆಳಕು ಆಗುವುದಿಲ್ಲ. ಬೀರು ತೆಗೆದ ಕೂಡಲೇ ಮಡಿಕೆಯೊಳಗೆ ಓಡಿ ಅವಿತುಕೊಳ್ಳುತ್ತದೆ. ಅಡುಗೆಮನೆಯಲ್ಲಿ ಅಕ್ಕಿ ಮೂಟೆಯಿಂದ ಎದ್ದು ಬರುವುದು ಮತ್ತೊಂದು ಜಾತಿ. ಅದರ ರೆಕ್ಕೆಯ ತುದಿ ತಾಮ್ರದ ಬಣ್ಣ. ಅದು ಹಿಟ್ಟು ಧಾನ್ಯ ಕೆಡಿಸುತ್ತದೆ, ಬಟ್ಟೆ ಮುಟ್ಟುವುದಿಲ್ಲ.

ಇನ್ನೊಂದು ಮಾತು. ಹಾರುವ ಪತಂಗ ಏನೂ ತಿನ್ನುವುದಿಲ್ಲ. ತಿನ್ನುವುದು ಅದರ ಮರಿಹುಳ. ಒಂದು ಹೆಣ್ಣು ಪತಂಗ ನಲವತ್ತು ಐವತ್ತು ಮೊಟ್ಟೆ ಇಡುತ್ತದೆ, ಒಂದೊಂದೂ ಗುಂಡುಸೂಜಿಯ ತಲೆಗಿಂತ ಚಿಕ್ಕದು. ಹುಳ ಎರಡು ತಿಂಗಳಲ್ಲೂ ಬೆಳೆಯಬಹುದು, ಚಳಿ ಇದ್ದು ಆಹಾರ ಕಡಿಮೆಯಾದರೆ ಎರಡು ವರ್ಷದವರೆಗೂ ಎಳೆಯಬಹುದು. ಹೀಟಿಂಗ್ ಹಾಕಿದ ಮನೆಯಲ್ಲಿ ಅದಕ್ಕೆ ಚಳಿಗಾಲವೇ ಇಲ್ಲ ಅಲ್ವಾ, ವರ್ಷಪೂರ್ತಿ ಬೆಳೆಯುತ್ತಲೇ ಇರುತ್ತದೆ.

ಅದಕ್ಕೆ ಬೇಕಾಗಿರುವುದು ಪ್ರಾಣಿಯಿಂದ ಬಂದ ನೂಲು: ಉಣ್ಣೆ, ಕ್ಯಾಶ್ಮೀರ್, ಪಶ್ಮೀನಾ, ಹಕ್ಕಿಯ ಪುಕ್ಕ, ಕೂದಲು. ರೇಷ್ಮೆಯನ್ನೂ ಬಿಡುವುದಿಲ್ಲ. ಬರೀ ಹತ್ತಿ, ಬರೀ ಪಾಲಿಯೆಸ್ಟರ್ ಆದರೆ ಚಿಂತೆ ಇಲ್ಲ. ಆದರೆ ಅದಕ್ಕೆ ಶುದ್ಧ ಉಣ್ಣೆ ಒಂದೇ ಸಾಲದು. ಬೆವರಿನ ಉಪ್ಪು, ಮೈಯ ಜಿಡ್ಡು, ಚೆಲ್ಲಿದ ಸಾರು, ಇವು ಸೇರಿದ್ದರೆ ಹುಳ ಚೆನ್ನಾಗಿ ಬೆಳೆಯುತ್ತದೆ. ತೂತು ಮೊದಲು ಬೀಳುವ ಜಾಗ ನೋಡಿ: ಕಾಲರ್ ಕೆಳಗೆ, ಕಂಕುಳಲ್ಲಿ, ತೋಳಿನ ತುದಿಯಲ್ಲಿ, ಊಟ ಮಾಡುವಾಗ ತುತ್ತು ಬೀಳುವ ಎದೆಯ ಮೇಲೆ.

ಹಾಗಾಗಿ ನಾನು ಹೇಳುವುದು ಒಂದೇ, ಒಗೆಯದೆ ಎತ್ತಿಡಬೇಡಿ. “ಒಂದೇ ಸಲ ಹಾಕಿದ್ದು, ಕೊಳೆ ಕಾಣುತ್ತಿಲ್ಲ” ಅಂತ ಬಿಡಬೇಡಿ. ಒಗೆದರೆ ಕಣ್ಣಿಗೆ ಕಾಣದ ಮೊಟ್ಟೆಗಳಲ್ಲೂ ಎಷ್ಟೋ ಹೋಗುತ್ತವೆ.

ಒಗೆಯುವುದು ಕಷ್ಟವೇನಿಲ್ಲ. ಒಳಗಿನ ಲೇಬಲ್ ನೋಡಿ. ನೀರಿನ ತೊಟ್ಟಿಯಲ್ಲಿ ಕೈ ಇರುವ ಚಿತ್ರ ಇದ್ದರೆ ಕೈಯಲ್ಲಿ ಒಗೆಯಿರಿ, ಇಲ್ಲವೇ ಮೆಷಿನ್‌ನ ಉಣ್ಣೆ ಪ್ರೋಗ್ರಾಮಿನಲ್ಲಿ 30 ಡಿಗ್ರಿಗೆ ಹಾಕಿ. ಇಲ್ಲಿಯ ಅಂಗಡಿಯಲ್ಲಿ ಸೋಪಿನ ಪುಡಿ ‘ಬಯೋ’, ‘ನಾನ್ ಬಯೋ’ ಅಂತ ಎರಡು ಥರ ಇರುತ್ತದೆ. ಬಯೋ ಪುಡಿಯಲ್ಲಿ ಪ್ರೋಟೀನ್ ಕಲೆ ಕರಗಿಸುವ ಕಿಣ್ವ ಇರುತ್ತದೆ. ಉಣ್ಣೆ, ರೇಷ್ಮೆ ಎರಡೂ ಪ್ರೋಟೀನೇ, ಅವನ್ನೂ ಅದು ಸವೆಸುತ್ತದೆ. ಉಣ್ಣೆಗೆ ಅಂತಲೇ ಬರುವ ಲಿಕ್ವಿಡ್ ಒಂದು ಬಾಟಲಿ ತಂದಿಟ್ಟುಕೊಳ್ಳಿ. ಉಜ್ಜಬೇಡಿ, ಹಿಂಡಬೇಡಿ. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಹಾಸಿ ಒಣಗಿಸಿ. ಒದ್ದೆ ಸ್ವೆಟರನ್ನು ತೂಗುಹಾಕಿದರೆ ಮೊಣಕಾಲಿನವರೆಗೆ ಜೋಲುತ್ತದೆ. ಉದ್ದ ಕೋಟನ್ನು ಮಾತ್ರ ಡ್ರೈಕ್ಲೀನಿಂಗಿಗೆ ಕೊಡಿ. ಅದರಲ್ಲಿ ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಮನೆಗೆ ತಂದಮೇಲೆ ಅವರು ಹಾಕಿಕೊಟ್ಟ ತೆಳು ಪ್ಲಾಸ್ಟಿಕ್ ಕವರ್ ತೆಗೆದುಬಿಡಿ, ಅದರ ಬುಡ ತೆರೆದೇ ಇರುತ್ತದೆ, ಪತಂಗಕ್ಕೆ ಅಡ್ಡಿಯಾಗುವುದಿಲ್ಲ.

ಪೂರ್ತಿ ಒಣಗಿದ ಮೇಲೆ ಜಿಪ್ ಇರುವ ಗಟ್ಟಿ ಚೀಲ ಅಥವಾ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಗೆ ಹಾಕಿ. ಪತಂಗ ಹೊಸದಾಗಿ ಒಳಗೆ ಹೋಗಬಾರದು, ಅಷ್ಟೇ ಮುಖ್ಯ. ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಇಲ್ಲಿಯ ಗೋಡೆಗಳಲ್ಲಿ ತೇವ ಜಾಸ್ತಿ, ಬೂಷ್ಟು ಹಿಡಿಯುತ್ತದೆ. ಒಗೆದ ತಾರೀಖು ಬರೆದು ಒಂದು ಚೀಟಿ ಅಂಟಿಸಿ.

ಈಗ ಡಾಂಬರ್ ಗುಳಿಗೆಯ ವಿಷಯ. ಊರಿಂದ ಬರುವಾಗ ಸೀರೆಯ ಮಧ್ಯೆ ಅಮ್ಮಂದಿರು ಹಾಕಿ ಕಳಿಸುತ್ತಾರೆ, ಪ್ರೀತಿಯಿಂದಲೇ. ಆದರೆ ಬಳಸಬೇಡಿ. 2008ರಲ್ಲಿ ಐರೋಪ್ಯ ಒಕ್ಕೂಟ ನ್ಯಾಫ್ತಲೀನ್ ಗುಳಿಗೆಯನ್ನು ನಿಷೇಧಿಸಿತು, ಆಗ ಬ್ರಿಟನ್ನೂ ಅದರಲ್ಲಿತ್ತು. ಊರಿನ ಮನೆಯಲ್ಲಿ ಕಿಟಕಿ ತೆರೆದೇ ಇರುತ್ತದೆ. ಇಲ್ಲಿ ಚಿಕ್ಕ ಫ್ಲಾಟು, ಮುಚ್ಚಿದ ಕಿಟಕಿ, ಆ ಆವಿಯನ್ನೇ ದಿನವಿಡೀ ಉಸಿರಾಡುತ್ತೇವೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಹಸುಗೂಸುಗಳಿಗಂತೂ ಅದರಿಂದ ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ಗುಳಿಗೆ ಇಟ್ಟ ಬಟ್ಟೆಯಲ್ಲಿ ಮಗುವನ್ನು ಸುತ್ತುವುದು ಬೇಡವೇ ಬೇಡ. ನಮ್ಮ ಜರಿಗೂ ಆ ಗುಳಿಗೆ ಒಳ್ಳೆಯದಲ್ಲ, ತಾಗಿದ ಕಡೆ ಕಪ್ಪಾಗುತ್ತದೆ.

ಸೀಡರ್ ಮರದ ತುಂಡು, ಲ್ಯಾವೆಂಡರ್ ಚೀಲ, ನಮ್ಮ ಲಾವಂಚದ ಬೇರು, ಬಜೆ, ಬೇವಿನ ಸೊಪ್ಪು, ಎಲ್ಲಕ್ಕೂ ಘಮ ಚೆನ್ನಾಗಿದೆ. ನಾನೂ ಲಾವಂಚ ಇಡುತ್ತೇನೆ, ಬೀರು ತೆಗೆದರೆ ಅಜ್ಜಿಯ ಟ್ರಂಕಿನ ನೆನಪಾಗುತ್ತದೆ. ಆದರೆ ಅದನ್ನೇ ನಂಬಿ ಕೂರಬೇಡಿ. ಒಳಗೆ ಆಗಲೇ ಇರುವ ಹುಳವನ್ನು ಅವು ಕೊಲ್ಲುವುದಿಲ್ಲ, ಘಮವೂ ಬೇಗ ಆರುತ್ತದೆ.

ನಿಜವಾಗಿ ಕೊಲ್ಲುವುದು ಫ್ರೀಜರ್. ಒಗೆಯಲಾಗದ ಶಾಲು, ಯಾರೋ ಕೊಟ್ಟ ಹಳೆ ಬಟ್ಟೆ ಮಾರುವ ಚ್ಯಾರಿಟಿ ಅಂಗಡಿಯಲ್ಲಿ ಕೊಂಡ ಸ್ವೆಟರು, ಅನುಮಾನ ಬಂದ ಯಾವ ಉಣ್ಣೆ ಬಟ್ಟೆಯೇ ಆಗಲಿ, ಜಿಪ್ ಚೀಲಕ್ಕೆ ಹಾಕಿ ಗಾಳಿ ಒತ್ತಿ ತೆಗೆಯಿರಿ. ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ತೆಂಗಿನ ತುರಿ, ಪರೋಟ ಪ್ಯಾಕೆಟ್ಟು ತುಂಬಿದ ಫ್ರೀಜರಿನಲ್ಲಿ ಜಾಗ ಮಾಡುವುದು ಕಷ್ಟ, ನನಗೆ ಗೊತ್ತು. ಒಂದು ಡ್ರಾಯರ್ ಎರಡು ವಾರ ಬಿಟ್ಟುಕೊಡಿ. ಹೊರಗೆ ತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚಬೇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಚ್ಯಾರಿಟಿ ಅಂಗಡಿಯ ಉಣ್ಣೆ ಬೇಡ ಅಂತ ನಾನು ಹೇಳುತ್ತಿಲ್ಲ. ಕಡಿಮೆ ದುಡ್ಡಿಗೆ ಅಷ್ಟು ಒಳ್ಳೆಯ ಕೋಟು ಬೇರೆಲ್ಲೂ ಸಿಗುವುದಿಲ್ಲ. ಬೀರುವಿಗೆ ಹೋಗುವ ಮುಂಚೆ ಸ್ವೆಟರು ಫ್ರೀಜರಿಗೆ, ಕೋಟು ಡ್ರೈಕ್ಲೀನಿಂಗಿಗೆ ಹೋಗಲಿ, ಅಷ್ಟೇ.

ಜರಿ ಸೀರೆಯನ್ನು ನಾನು ಫ್ರೀಜರಿಗೆ ಹಾಕುವುದಿಲ್ಲ. ಮೈಸೂರು ಸಿಲ್ಕನ್ನು ಹಳೆಯ ಬಿಳಿ ಹತ್ತಿ ಪಂಚೆಯಲ್ಲಿ ಸುತ್ತಿ ಇಡುತ್ತೇನೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ, ಗಾಳಿಯಾಡಿಸಿ, ಮಡಿಕೆ ಬದಲಿಸುತ್ತೇನೆ. ಹುಳಕ್ಕೆ ಗಲಾಟೆ ಆಗದ ಕತ್ತಲೆ ಬೇಕು. ಆಗಾಗ ಕೈಯಾಡಿಸಿದ ಬಟ್ಟೆಯಲ್ಲಿ ಅದು ನಿಲ್ಲುವುದು ಕಡಿಮೆ.

ಮಡಿಯ ರೇಷ್ಮೆ ಮಗುಟ, ಉಣ್ಣೆಯ ಧಾಬಳಿ ಇರುವ ಮನೆಯವರಿಗೆ ಒಂದು ವಿಶೇಷ ಮಾತು. ಅವನ್ನು ದಿನಾ ಒಗೆಯುವ ಪದ್ಧತಿ ಇಲ್ಲ. ಪೂಜೆಯ ಹೊತ್ತಿಗೆ ಉಟ್ಟು, ಮತ್ತೆ ಮಡಿಕೋಲಿಗೆ ಹೋಗುತ್ತವೆ. ಊರಿನ ಬಿಸಿಲು ಅದಕ್ಕೆ ಸಾಕಾಗುತ್ತಿತ್ತು. ಇಲ್ಲಿ ಆ ಬಿಸಿಲಿಲ್ಲ. ಧಾಬಳಿಯನ್ನು ವರ್ಷಕ್ಕೆ ಒಂದೆರಡು ಸಲವಾದರೂ ಉಣ್ಣೆಯ ಲಿಕ್ವಿಡ್‌ನಲ್ಲಿ ಒಗೆಯಿರಿ. ಮಡಿಗೆ ಏನೂ ಕುಂದಿಲ್ಲ, ಬಟ್ಟೆ ಉಳಿಯುತ್ತದೆ. ಹಾಗೆಯೇ ಭಜನೆಯ ಹಾರ್ಮೋನಿಯಂ ಮನೆಯಲ್ಲಿದ್ದರೆ ಅದನ್ನೂ ತೆಗೆದು ನೋಡಿ. ಬೆರಳಲ್ಲಿ ಒತ್ತುವ ಕೀಗಳ ಕೆಳಗೆ ಉಣ್ಣೆಯ ಫೆಲ್ಟ್ ಪಟ್ಟಿ ಇರುತ್ತದೆ. ತಿಂಗಳುಗಟ್ಟಲೆ ನುಡಿಸದೆ ಮುಚ್ಚಿಟ್ಟರೆ ಹುಳ ಅಲ್ಲಿಗೂ ಹೋಗುತ್ತದೆ.

ಈಗಾಗಲೇ ತೂತು ಕಂಡಿದೆಯೇ? ನಾಚಿಕೆ ಬೇಡ. ಮನೆ ಕೊಳಕು ಅಂತ ಅಲ್ಲ. ಇಂಗ್ಲೆಂಡಿನ ಅರಮನೆಯಂಥ ಹಳೆಯ ಬಂಗಲೆಗಳಿಗೂ ಇದೇ ಕಾಟ. ನಾರ್ಫೋಕ್‌ನ ಬ್ಲಿಕ್ಲಿಂಗ್ ಹಾಲ್‌ನಲ್ಲಿ 2021ರಲ್ಲಿ, ಇಂಥ ಹಳೆಯ ಬಂಗಲೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯವರು ಪತಂಗದ ಮೊಟ್ಟೆಯೊಳಗೇ ತಮ್ಮ ಮೊಟ್ಟೆ ಇಡುವ ಪುಟ್ಟ ಕಣಜಗಳನ್ನು ಬಿಟ್ಟು ನೋಡಿದರು. ನಮಗೆ ಅಷ್ಟೆಲ್ಲ ಬೇಡ. ಬೀರು ಪೂರ್ತಿ ಖಾಲಿ ಮಾಡಿ. ಪ್ರತಿ ಉಣ್ಣೆ ಬಟ್ಟೆಯನ್ನೂ ಹೊರಗೆ ಒಯ್ದು ಕೊಡವಿ, ಕಾಲರ್ ಮಗುಚಿ, ಜೇಬು ಹೊರಗೆಳೆದು, ಹೊಲಿಗೆಯ ಮೇಲೆ ಬ್ರಷ್ ಹೊಡೆಯಿರಿ. ಆಮೇಲೆ ಒಗೆಯುವುದು ಒಗೆತಕ್ಕೆ, ಫ್ರೀಜರಿನದು ಫ್ರೀಜರಿಗೆ.

ಬಟ್ಟೆ ಒಂದನ್ನೇ ನೋಡಿದರೆ ಸಾಲದು. ಮಂಚ ಸರಿಸಿ. ಗೋಡೆಯಂಚಿನಲ್ಲಿ ಕಾರ್ಪೆಟ್ ಸೇರುವ ಸಾಲು, ಬೀರುವಿನ ಮೂಲೆ, ಸೋಫಾದ ಅಡಿ, ಎಲ್ಲಿ ಕೂದಲು ಧೂಳು ಸೇರಿರುತ್ತದೋ ಅಲ್ಲೆಲ್ಲ ಸಣ್ಣ ಮೂತಿ ಹಾಕಿ ವ್ಯಾಕ್ಯೂಮ್ ಮಾಡಿ. ಆದ ತಕ್ಷಣ ಅದರ ಕಸವನ್ನು ಹೊರಗಿನ ಡಬ್ಬಕ್ಕೆ ಸುರಿಯಿರಿ, ಒಳಗೆ ಬಿಟ್ಟರೆ ಹುಳ ಅಲ್ಲೇ ಬೆಳೆಯುತ್ತದೆ. ವಾರಕ್ಕೊಮ್ಮೆ ಹೀಗೆ ಕೆಲವು ತಿಂಗಳು ಬಿಡದೆ ಮಾಡಬೇಕು. ಬಾಡಿಗೆ ಮನೆಯಾದರೆ, ಬಂದ ವಾರವೇ ಕಾರ್ಪೆಟ್ಟಿನ ಅಂಚು ಎತ್ತಿ ನೋಡಿ ಫೋಟೋ ತೆಗೆದಿಡಿ, ಕಾರ್ಪೆಟ್ಟಿನಲ್ಲೇ ಹುಳ ಕಂಡರೆ ಮಾಲೀಕರಿಗೆ ಬರೆದು ತಿಳಿಸಿ.

ಅಂಗಡಿಯಲ್ಲಿ ಅಂಟು ಹಚ್ಚಿದ ಪತಂಗದ ಬಲೆ ಸಿಗುತ್ತದೆ. ಹೆಣ್ಣಿನ ವಾಸನೆ ಹಾಕಿರುತ್ತಾರೆ, ಅದಕ್ಕೆ ಗಂಡು ಪತಂಗ ಮಾತ್ರ ಬಂದು ಅಂಟುತ್ತದೆ. ಮೊಟ್ಟೆ ಇಡುವ ಹೆಣ್ಣು ಹಾಗೇ ಉಳಿಯುತ್ತದೆ. ಆದರೂ ಒಂದು ತಂದು ಬೀರುವಿನಲ್ಲಿಡಿ. ಈ ತಿಂಗಳು ಎಷ್ಟು ಬಿತ್ತು ಅಂತ ಎಣಿಸಿ ಬರೆದಿಟ್ಟರೆ ಕಾಟ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ.

ಅಮ್ಮನ ಶಾಲಿನಲ್ಲಿ ಒಂದು ಅಂಚು ಹುಳ ಮುಟ್ಟದೆ ಉಳಿದಿತ್ತು. ಅಷ್ಟನ್ನು ಕತ್ತರಿಸಿ, ಸುತ್ತ ಹೊಲಿದು, ಮಗಳಿಗೆ ಮಫ್ಲರ್ ಮಾಡಿಕೊಟ್ಟೆ. ಪ್ರತಿ ಏಪ್ರಿಲ್‌ನಲ್ಲಿ ಮೊದಲು ಒಗೆಯುವುದು ಅದನ್ನೇ.