ಕಥೆಗೆ ಎಳೆ ಹುಡುಕುವುದು, ಹಿಗ್ಗಿಸುವುದು ಹೇಗೆ?

ಬರೆಯೋ ಆಸೆ ಇದೆ, ವಿಷಯವೇ ಸಿಗ್ತಿಲ್ಲ ಅನ್ನುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ವಿಷಯಕ್ಕೇನು ಬರ? ಚಿತ್ರದುರ್ಗದಲ್ಲಿ ಕೋಟೆ ಇದೆ, ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳ ನೆನಪಿದೆ, ಮಂಡಕ್ಕಿ ಭಟ್ಟಿಗಳಿವೆ. ಆದರೆ ಇವೆಲ್ಲ ಬರೀ ವಿಷಯ. ಇದರಿಂದ ಯಾರೋ ಒಬ್ಬರು ಪೇಚಿಗೆ ಸಿಕ್ಕಿಕೊಂಡಾಗ ಕಥೆ ಶುರುವಾಗುತ್ತದೆ.

ಮೊದಲು ಮಾತು ಹೆಕ್ಕಿ

ಬಸ್ ಸ್ಟ್ಯಾಂಡು, ಹೋಟೆಲ್ಲು, ಮಂಡಕ್ಕಿ-ಮಿರ್ಚಿ ಅಂಗಡಿ, ಎಲ್ಲಾದರೂ ಸುಮ್ನೆ ಕೂತು ಕೇಳಿ. ಕಂಡಿದ್ದನ್ನು ಕಂಡ ಹಾಗೇ ಬರೆದಿಡಿ. "ಒಬ್ಬ ಹುಡುಗಿ ಬೇಜಾರಲ್ಲಿದ್ದಳು" ಅಂತ ಬರೆದಿಟ್ಟರೆ ನಾಳೆ ಅದು ಯಾತಕ್ಕೂ ಬರುವುದಿಲ್ಲ. "ಬೆಣ್ಣೆ ದೋಸೆ ಆರಿಹೋಗುವವರೆಗೂ ಮುಟ್ಟಲಿಲ್ಲ, ಇಬ್ಬರ ಬಿಲ್ಲನ್ನೂ ತಾನೇ ಕೊಟ್ಟು ಎದ್ದಳು" ಅಂತಿದ್ದರೆ ಆರು ತಿಂಗಳಾದ ಮೇಲೂ ಕೆಲಸಕ್ಕೆ ಬರುತ್ತದೆ.

ಸುದ್ದಿಗೊಂದು ಮಾತು ಗಂಟು ಹಾಕಿ

ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರವನ್ನೇ ತಗೊಳ್ಳಿ. ಜನರ ಬಾಯಲ್ಲಿ ಅದು ಮಾರಿಕಣಿವೆ. 1907ರಲ್ಲಿ ಕಟ್ಟಿ ಮುಗಿದ ಜಲಾಶಯ 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ಮೇಲೆ. ಇದಿನ್ನೂ ಸುದ್ದಿ ಅಷ್ಟೇ. ಈಗ, ಸಾಲ ವಾಪಸ್ ಕೇಳಲು ಬಂದವನಿಗೆ ಒಬ್ಬ ಅಜ್ಜ ಹಿಂದೊಮ್ಮೆ, "ಮಾರಿಕಣಿವೆ ಕೋಡಿ ಬೀಳಲಿ, ಅವತ್ತೇ ಕೊಡ್ತೀನಿ ಹೋಗೋ" ಅಂದಿದ್ದ ಅಂದುಕೊಳ್ಳಿ. ಕೊಡಲ್ಲ ಅನ್ನೋದನ್ನ ನಗುನಗುತ್ತಾ ಹೇಳಿದ್ದು ಅದು. ನೀರು ಹರಿಯಿತು. ಅಜ್ಜ ಇಲ್ಲ, ಸಾಲ ಕೊಟ್ಟವನೂ ಇಲ್ಲ. ಸಾಲ ಕೊಟ್ಟವನ ಮೊಮ್ಮಗ ಬಂದು ಬಾಗಿಲು ಬಡಿಯುತ್ತಾನೆ.

ಎಳೆ ಸಿಕ್ಕಿತು. ಜಾಸ್ತಿ ಜನ ಇಲ್ಲೇ ಬರೆಯಲು ಕೂತು ಎರಡು ಪುಟಕ್ಕೆ ಸುಸ್ತಾಗುತ್ತಾರೆ. ಸ್ವಲ್ಪ ತಡೀರಿ.

ಮೊದಲು ಹೊಳೆದದ್ದನ್ನು ಹೊಡೆದು ಹಾಕಿ

ಬಂದವನಿಗೆ ಏನು ಬೇಕು? ದುಡ್ಡು ಅಂತ ತಕ್ಷಣ ಹೊಳೆಯುತ್ತದೆ. ಓದುವವರಿಗೂ ಅದೇ ಹೊಳೆದಿರುತ್ತದೆ, ಅಲ್ವಾ? ಬಿಡಿ. ಜಮೀನು? ಅದೂ ಹಳೆಯದು. ಇನ್ನೊಂದು ಸಲ ಕೇಳಿಕೊಳ್ಳಿ. ಅವನಿಗೆ ಒಂದು ಪೈಸೆಯೂ ಬೇಡ. ಅವನ ಅಪ್ಪ ಹಾಸಿಗೆ ಹಿಡಿದಿದ್ದಾರೆ, ಆ ಸಾಲದ್ದೇ ಕೊರಗು. "ನೀವು ಬಂದು ಅವರಿಗೆ, 'ನಮ್ಮಜ್ಜ ಆಗಲೇ ಸಾಲ ತೀರಿಸಿದ್ರು' ಅಂತ ಒಂದು ಮಾತು ಹೇಳಿ, ಸಾಕು" ಅನ್ನುತ್ತಾನೆ. ಅಂದರೆ ಸುಳ್ಳು ಹೇಳಬೇಕು. ಇನ್ನೂ ಕಷ್ಟ ಅಂದರೆ, ಇಷ್ಟು ವರ್ಷ "ನಮ್ಮಜ್ಜ ಸಾಲನೇ ಮಾಡಿರಲಿಲ್ಲ" ಅಂತಿದ್ದ ಮನೆ ಈಗ ಸಾಲ ಇತ್ತು ಅಂತ ಒಪ್ಪಬೇಕು. ಆ ದುಡ್ಡಲ್ಲೇ ಕೊಳವೆಬಾವಿ ಕೊರೆಸಿದ್ದು ಅನ್ನೋದು ಮನೆಯ ಹಿರಿಯಳಿಗೆ ಗೊತ್ತಿದ್ದರೆ? ಕಥೆ ಈಗ ತಾನೇ ನಡೆಯತೊಡಗುತ್ತದೆ.

ಯಾರ ಕಣ್ಣು, ಯಾವ ಗಳಿಗೆ

ಮೂರು ತಲೆಮಾರಿನ ಪುರಾಣ ಬೇಡ. ಬಾಗಿಲು ಬಡಿದ ಗಳಿಗೆಯಿಂದ ಶುರು ಮಾಡಿ, ಹಳೆಯದು ಮಾತಿನ ನಡುವೆ ಬರಲಿ. ಹೇಳುವವರು ಎಲ್ಲ ಗೊತ್ತಿರುವವರಾಗಬಾರದು. ನನ್ನನ್ನು ಕೇಳಿದರೆ, ಅಡುಗೆಮನೆಯಲ್ಲಿ ಟೀ ಸೋಸುತ್ತಾ ಅರ್ಧ ಮಾತಷ್ಟೇ ಕೇಳಿಸಿಕೊಂಡ ಸೊಸೆಯ ಕೈಗೆ ಕೊಡುತ್ತೇನೆ.

ಕೋಟೆಯ ಮೇಲೇ ಬರೆಯಬೇಕು ಅಂತ ಹಟ ಇದ್ದರೂ ಮೊದಲ ಕಥೆಗೆ ಓಬವ್ವನನ್ನು ಎಳೆದು ತರಬೇಡಿ. ಅವಳ ಸಾಹಸ ಎಲ್ಲರಿಗೂ ಬಾಯಿಪಾಠ. ಅದೇ ಕಿಂಡಿಯ ಮುಂದೆ ದಿನಾ ಅದೇ ಕಥೆ ಹೇಳುವ ಗೈಡ್ ಒಂದು ದಿನ ಅರ್ಧಕ್ಕೆ ನಿಲ್ಲಿಸಿಬಿಟ್ಟ. ಯಾಕೆ? ಅಲ್ಲಿಂದ ಹಿಡಿಯಿರಿ.

ನೋಡಿದ ಜನರನ್ನೇ ಬರೆಯುತ್ತಿದ್ದರೆ ಊರು, ಕಸುಬು, ವಯಸ್ಸು ಬದಲಿಸಿ. ಹೆಸರೊಂದನ್ನೇ ಬದಲಿಸಿದರೆ ಸಾಲದು, ಓಣಿಯವರು ಕಂಡುಹಿಡಿಯುತ್ತಾರೆ.

ಬರೆಯುವ ಮುಂಚೆ ಹೇಳಿ ನೋಡಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಬಸ್ಸಲ್ಲಿ ಪಕ್ಕ ಕೂತ ಗೆಳೆಯರಿಗೆ ಕಥೆ ಹೇಳಲು ಅಷ್ಟು ಹೊತ್ತು ಸಾಕು. "ಚೆನ್ನಾಗಿದೆ" ಅಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. "ಆಮೇಲೆ?" ಅಂತ ಎಲ್ಲಿ ಕೇಳಿದರು ಅನ್ನೋದನ್ನ ಗುರುತು ಹಾಕಿಕೊಳ್ಳಿ. ಎಲ್ಲಿ ಮೊಬೈಲ್ ತೆಗೆದರೋ ಅಲ್ಲಿಂದ ತಿದ್ದಿ.